ಗೋಡೆಯ ತೇವ ಮತ್ತೆ ಮತ್ತೆ ಬರ್ತಿದೆಯಾ? ನೀರು ಎಲ್ಲಿಂದ ಅಂತ ಹಿಡಿಯುವ ಪೂರ್ತಿ ಕ್ರಮ

ಗೋಡೆ ಒದ್ದೆಯಾಯಿತು. ಪೇಂಟರ್ ಬಂದರು, ಹಳೇ ಬಣ್ಣ ಕೆರೆದರು, ಪುಟ್ಟಿ ಹಚ್ಚಿದರು, ವಾಟರ್‌ಪ್ರೂಫ್ ಅಂತ ಬರೆದಿರುವ ಡಬ್ಬದಿಂದ ಎರಡು ಕೋಟ್ ಹೊಡೆದು ಹೋದರು. ಕೆಲವು ತಿಂಗಳಿಗೆ ಅದೇ ಜಾಗ ಮತ್ತೆ ಉಬ್ಬಿತು. ಸ್ವಂತ ಮನೆಯಲ್ಲಿ ಇರುವವರು, ಬಾಡಿಗೆಗೆ ಇರುವವರು, ಮನೆ ಬಾಡಿಗೆಗೆ ಕೊಟ್ಟವರು, ಮೂರೂ ಕಡೆಯವರು ಇದೇ ಮಾತು ಹೇಳುತ್ತಾರೆ. ಎಡವುವುದೂ ಒಂದೇ ಕಡೆ. ನೀರು ಎಲ್ಲಿಂದ ಬರ್ತಿದೆ ಅಂತ ಗೊತ್ತಾಗುವ ಮುಂಚೆಯೇ ಗೋಡೆಗೆ ಕೈ ಹಾಕುತ್ತಾರೆ.

ತೇವ ಕಾಣಿಸುವ ಜಾಗ ಬೇರೆ, ನೀರು ಒಳಗೆ ಹೊಕ್ಕ ಜಾಗ ಬೇರೆ. ಸ್ಲ್ಯಾಬಿಗೆ ಇಳಿದ ನೀರು ಪೈಪಿನ ಮಗ್ಗುಲು ಹಿಡಿದೋ, ವೈರ್ ಹೋಗುವ ಪೈಪಿನ ಒಳಗೆ ಹರಿದೋ ಎರಡು ಮೂರು ಮೀಟರ್ ಆಚೆ ಹೊರಗೆ ಬರಬಹುದು. ಹಾಗಾಗಿ ಕಲೆ ಎಲ್ಲಿದೆಯೋ ಅಲ್ಲೇ ಒಡೆದು ನೋಡೋಣ ಅನ್ನುವವರಿಗೆ ಸದ್ಯಕ್ಕೆ ಬೇಡ ಅನ್ನಿ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ, ಒಂದು ಸಲಕ್ಕೆ ಒಂದೇ ಮೂಲವನ್ನು ಪರೀಕ್ಷಿಸಿ. ಎರಡನ್ನು ಒಟ್ಟಿಗೆ ಮಾಡಿದರೆ ತೇವ ಹೆಚ್ಚಾದಾಗ ಯಾವುದರಿಂದ ಅಂತ ಹೇಳಲು ಆಗುವುದಿಲ್ಲ, ಆ ದಿನದ ಕೆಲಸ ಪೂರ್ತಿ ದಂಡ.

## ಕೈಗೆ ಬೇಕಾದವು

ಪೆನ್ಸಿಲ್, ಅಳತೆ ಟೇಪ್, ಟಾರ್ಚ್, ಎರಡು ಬಕೆಟ್, ಒಂದು ಉದ್ದದ ಪೈಪ್, ಅಡುಗೆಗೆ ಬಳಸುವ ಬಣ್ಣ (ಹಸಿರು ಅಥವಾ ನೀಲಿ), ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಅಂಟು ಟೇಪ್. ಗಾಳಿಯ ತೇವಾಂಶ ತೋರಿಸುವ ಸಣ್ಣ ಮೀಟರ್ ಸಿಕ್ಕಿದರೆ ಒಳ್ಳೆಯದು. ಕೆಂಪು ಬಣ್ಣ ಬೇಡ. ಸ್ಲ್ಯಾಬಿನಿಂದ ತುಕ್ಕಿನ ನೀರು ಬಂದರೂ ಕೆಂಪಗೇ ಇರುತ್ತದೆ, ಎರಡನ್ನೂ ಬೇರೆ ಮಾಡಿ ಗುರುತಿಸೋದು ಕಷ್ಟ.

ಗೋಡೆಗೆ ಎರಡು ಸೂಜಿ ಚುಚ್ಚಿ ತೇವ ಅಳೆಯುವ ಮೀಟರ್ ಒಂದಿದೆ. ಅದನ್ನು ಹಿಡಿದು ಬಂದವರು ಹೇಳಿದ್ದನ್ನೆಲ್ಲ ನಂಬಬೇಡಿ. ಅದು ಅಳೆಯುವುದು ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಅನ್ನುವುದನ್ನು. ಗೋಡೆಯಲ್ಲಿ ಉಪ್ಪು ಜಾಸ್ತಿ ಇದ್ದರೆ ತೇವ ಕಡಿಮೆ ಇದ್ದರೂ ಮುಳ್ಳು ಮೇಲೆ ಹೋಗುತ್ತದೆ. ಒಂದೇ ಗೋಡೆಯ ಬೇರೆ ಬೇರೆ ಜಾಗ ಹೋಲಿಸಿ ನೋಡಲು ಸರಿ, ಅಷ್ಟೇ.

## ಹಂತ 1: ಮೊದಲು ಅಪಾಯ ಇದೆಯಾ ನೋಡಿ

ಪರೀಕ್ಷೆ ಶುರು ಮಾಡುವ ಮುಂಚೆ ಈ ನಾಲ್ಕು ಗುರುತು ಹುಡುಕಿ. ಒಂದು ಕಂಡರೂ ಉಳಿದ ಹಂತ ನಿಲ್ಲಿಸಿ, ಇದನ್ನು ಮೊದಲು ಸರಿ ಮಾಡಿಸಿ.

ಸ್ವಿಚ್ ಬೋರ್ಡ್, ಪ್ಲಗ್ ಅಥವಾ ದೀಪದ ಹತ್ತಿರ ತೇವ ಇದ್ದರೆ ಗೋಡೆಯ ಸ್ವಿಚ್ ಆಫ್ ಮಾಡಿದರೆ ಸಾಲದು. ಮೇನ್ ಬೋರ್ಡಿಗೆ ಹೋಗಿ ಆ ಲೈನಿನ ಕರೆಂಟ್ ಕಡಿಯುವ ಎಂಸಿಬಿ ಸ್ವಿಚ್ಚನ್ನೇ ಇಳಿಸಿ. ಬೋರ್ಡಿನ ಹತ್ತಿರವೇ ನೀರು ಇದ್ದರೆ ಅದನ್ನೂ ಮುಟ್ಟಬೇಡಿ, ಎಲೆಕ್ಟ್ರಿಷಿಯನ್ ಕರೆಸಿ. ಲೀಕೇಜ್ ಬ್ರೇಕರ್ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಪದೇ ಪದೇ ಬೀಳುತ್ತಿದ್ದರೆ ಅದು ಕೆಟ್ಟಿದೆ ಅಂತ ಬೈಪಾಸ್ ಮಾಡಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮನೆಗಳಲ್ಲಿ ಸಾಮಾನ್ಯವಾಗಿ ಅದನ್ನು 30 ಮಿಲಿಆಂಪಿಯರಿಗೆ ಬೀಳುವ ಹಾಗೆ ಹಾಕಿರುತ್ತಾರೆ, ಜೀವ ಉಳಿಸಲಿ ಅಂತಲೇ.

ಸೀಲಿಂಗ್ ಹೊಟ್ಟೆಯ ಹಾಗೆ ಕೆಳಗೆ ಇಳಿದಿದ್ದರೆ ಅದರ ಕೆಳಗೆ ಯಾರೂ ಮಲಗಬಾರದು, ಮಕ್ಕಳನ್ನು ಬಿಡಬಾರದು.

ಕಾಂಕ್ರೀಟಿನ ಮೇಲೆ ಕಂದು ಕಲೆ, ಅದರ ಜೊತೆ ಕಂಬಿಯ ಉದ್ದಕ್ಕೂ ನೇರ ಬಿರುಕು ಇದ್ದರೆ ಒಳಗೆ ಕಂಬಿ ತುಕ್ಕು ಹಿಡಿಯುತ್ತಿದೆ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ತಿನ್ನುತ್ತದೆ, ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಇಲ್ಲಿ ಬೇಕಾದವರು ಸ್ಟ್ರಕ್ಚರಲ್ ಎಂಜಿನಿಯರ್, ಪೇಂಟರ್ ಅಲ್ಲ.

ನಾಲ್ಕನೆಯದು ವಾಸನೆ. ತೇವದ ಜಾಗದಲ್ಲಿ ಕೊಳಚೆ ನಾತ ಇದ್ದರೆ ಅದು ಕಮೋಡಿನ ಅಥವಾ ಡ್ರೈನೇಜ್ ಪೈಪಿನ ನೀರು. ಆ ನೀರನ್ನು ಬರಿಗೈಯಲ್ಲಿ ಮುಟ್ಟಬೇಡಿ.

## ಹಂತ 2: ಒಂದು ವಾರ ಸುಮ್ನೆ ಗಮನಿಸಿ ಬರೆದಿಡಿ

ಎಲ್ಲರೂ ಹಾರಿಸುವ ಹಂತ ಇದೇ. ಅರ್ಧದಷ್ಟು ಉತ್ತರ ಇಲ್ಲೇ ಸಿಗುತ್ತದೆ ಅಂತ ನನ್ನ ಅನುಭವ.

ಒದ್ದೆಯಾದ ಜಾಗದ ಅಂಚಿನ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ, ಗೆರೆಯ ಪಕ್ಕ ತಾರೀಖು, ಹೊತ್ತು ಬರೆಯಿರಿ. ಅಳತೆ ಟೇಪ್ ಪಕ್ಕದಲ್ಲಿ ಹಿಡಿದು ಫೋಟೋ ತೆಗೆಯಿರಿ. ದಿನಾ ಬೆಳಗ್ಗೆ ಮತ್ತು ರಾತ್ರಿ ನೋಡಿ, ತೇವ ಗೆರೆ ದಾಟಿದ್ದರೆ ಹೊಸ ಗೆರೆ. ಜೊತೆಗೆ ಆ ದಿನ ಮಳೆ ಬಂತಾ, ಎಷ್ಟು ಜನ ಸ್ನಾನ ಮಾಡಿದರು, ಬಟ್ಟೆ ಒಗೆದಿರಾ, ಎಸಿ ಎಷ್ಟು ಹೊತ್ತು ಓಡಿತು, ಇಷ್ಟನ್ನು ಒಂದು ಸಾಲಿನಲ್ಲಿ ಬರೆಯಿರಿ.

ನಮ್ಮ ಮನೆಯಲ್ಲಿ ಒಂದು ಕಲೆ ಎರಡು ವರ್ಷ ಕಾಡಿತು. ಬೀರುವಿನ ಹಿಂದಿನ ಗೋಡೆ, ನೆಲದಿಂದ ಒಂದು ಗೇಣು ಮೇಲೆ. ಎರಡು ಸಲ ಬಣ್ಣ ಹೊಡೆಸಿದ್ದೆ, ಎರಡು ಸಲವೂ ಅದು ಗುಳ್ಳೆ ಎದ್ದು, ಬೆರಳಲ್ಲಿ ಒತ್ತಿದರೆ ಪುಡಿಯಾಗಿ ಉದುರುತ್ತಿತ್ತು. ಗೆರೆ ಎಳೆದು ಬರೆದಿಡಲು ಶುರು ಮಾಡಿದ ಎರಡನೇ ವಾರಕ್ಕೆ ಕಾಣಿಸಿತು: ಭಾನುವಾರ ಮತ್ತು ಬುಧವಾರ ಸಂಜೆ ಮಾತ್ರ ತೇವ ಗೆರೆ ದಾಟುತ್ತಿತ್ತು. ನಾವು ವಾಷಿಂಗ್ ಮೆಷಿನ್ ಹಾಕುವ ದಿನಗಳೇ ಅವು. ಮೆಷಿನ್ ನೀರನ್ನು ರಭಸವಾಗಿ ಹೊರಗೆ ತಳ್ಳುವಾಗ ಗೋಡೆಯೊಳಗಿನ ಪೈಪಿನ ಜೋಡಣೆಯಲ್ಲಿ ಜಿನುಗುತ್ತಿತ್ತು. ಮಗ್ಗಿನಲ್ಲಿ ನಿಧಾನ ಸುರಿದರೆ ಒಂದು ಹನಿಯೂ ಆಚೆ ಬರುತ್ತಿರಲಿಲ್ಲ.

ಒಂದು ವಾರದ ಬರಹವನ್ನು ಹೀಗೆ ಓದಿ. ಮಳೆ ಬಂದಾಗ ಅಥವಾ ಬಂದ ಒಂದೆರಡು ದಿನಕ್ಕೆ ಹೆಚ್ಚಾದರೆ ಹಂತ 5ಕ್ಕೆ ಹೋಗಿ. ಬಳಕೆ ಆದಾಗ ಮಾತ್ರ ಹೆಚ್ಚಾದರೆ ಹಂತ 4. ಮಳೆಗೂ ಬಳಕೆಗೂ ಸಂಬಂಧವೇ ಇಲ್ಲದೆ ಒಂದೇ ಸಮ ಇದ್ದರೆ ಹಂತ 3. ಗೋಡೆಯ ಬುಡದಲ್ಲಿ ಮಾತ್ರ, ಅಡ್ಡಕ್ಕೆ ಪಟ್ಟಿಯ ಹಾಗಿದ್ದರೆ ಹಂತ 6. ಮೂಲೆಗಳಲ್ಲಿ, ಬೀರುವಿನ ಹಿಂದೆ, ಕಪ್ಪು ಚುಕ್ಕಿಯ ಬೂಷ್ಟಿನ ಜೊತೆ ಇದ್ದರೆ ಹಂತ 7. ಏನೂ ಗೊತ್ತಾಗದಿದ್ದರೆ 3ರಿಂದ ಸಾಲಾಗಿ ಬನ್ನಿ.

ಬಾಡಿಗೆಗೆ ಇದ್ದೀರಾ? ಇದೇ ಹಂತದಲ್ಲಿ ಮಾಲೀಕರಿಗೆ ಬರಹದಲ್ಲಿ ತಿಳಿಸಿ, ಫೋಟೋ ಕಳಿಸಿ. ಫೋನಿನಲ್ಲಿ ಹೇಳಿದ್ದು ಆಮೇಲೆ ಯಾರಿಗೂ ನೆನಪಿರುವುದಿಲ್ಲ. ಮನೆ ಬಿಡುವಾಗ ಈ ಕಲೆ ನಿಮ್ಮ ಕಾಲದ್ದಾ, ಮುಂಚಿನದ್ದಾ ಅನ್ನುವ ಜಗಳ ಬಂದರೆ ತಾರೀಖು ಇರುವ ಈ ಫೋಟೋಗಳೇ ನಿಮ್ಮ ಕಡೆ ಮಾತಾಡುತ್ತವೆ. ಖರ್ಚು ಯಾರದ್ದು ಅನ್ನುವುದು ನಿಮ್ಮ ಕರಾರು ಪತ್ರ ಮತ್ತು ಆ ಜಾಗದ ಕಾನೂನಿನ ಮೇಲೆ ನಿಂತಿದೆ, ಅದನ್ನು ಓದದೆ ಬಾಡಿಗೆ ಕೊಡದೆ ಹಿಡಿದಿಟ್ಟುಕೊಳ್ಳುವ ಕೆಲಸಕ್ಕೆ ಹೋಗಬೇಡಿ.

## ಹಂತ 3: ನೀರು ಬರುವ ಪೈಪು

ನಲ್ಲಿಗೆ ನೀರು ತರುವ ಪೈಪಿನಲ್ಲಿ ಸದಾ ಒತ್ತಡ ಇರುತ್ತದೆ. ಹಾಗಾಗಿ ಅದರ ಸೋರಿಕೆ ಹಗಲು ರಾತ್ರಿ ಒಂದೇ ಸಮ. ಸೆಕೆಂಡಿಗೆ ಒಂದು ಹನಿ ಬಿದ್ದರೂ ದಿನಕ್ಕೆ 86,400 ಹನಿ. 20 ಹನಿಗೆ ಒಂದು ಮಿಲಿಲೀಟರ್ ಅಂತ ಹಿಡಿದರೆ 4 ಲೀಟರಿಗೂ ಮೇಲಾಯಿತು. ಗೋಡೆಯೊಳಗೆ ದಿನಾ 4 ಲೀಟರ್ ಇಳಿದರೆ ಯಾವ ಪೇಂಟ್ ತಡೆಯುತ್ತದೆ ಹೇಳಿ.

ಮೊದಲು ಫ್ಲಶ್ ಟ್ಯಾಂಕ್ ಪರೀಕ್ಷೆ ಮಾಡಿ. ಟ್ಯಾಂಕಿನ ಮುಚ್ಚಳ ತೆಗೆದು ಏಳೆಂಟು ಹನಿ ಬಣ್ಣ ಹಾಕಿ, ಅರ್ಧ ಗಂಟೆ ಯಾರೂ ಫ್ಲಶ್ ಮಾಡಬಾರದು. ಕಮೋಡಿನ ನೀರಿಗೆ ಬಣ್ಣ ಇಳಿದರೆ ಒಳಗಿನ ರಬ್ಬರ್ ಸವೆದಿದೆ. ಈ ನೀರು ನೇರ ಚರಂಡಿಗೆ ಹೋಗುತ್ತದೆ, ಗೋಡೆಗಲ್ಲ. ಆದರೂ ಮೊದಲು ಇದನ್ನೇ ನೋಡಬೇಕು, ಯಾಕಂದ್ರೆ ಇದು ಸೋರುತ್ತಿದ್ದರೆ ಮುಂದಿನ ಪರೀಕ್ಷೆಯಲ್ಲಿ ನೀರಿನ ಮಟ್ಟ ಇಳಿಯುತ್ತದೆ, ಪೈಪು ಒಡೆದಿದೆ ಅಂದುಕೊಂಡು ಚೆನ್ನಾಗಿರುವ ಗೋಡೆ ಒಡೆಸುತ್ತೀರಿ.

ಆಮೇಲೆ ಮೀಟರ್. ನೀರು ಮೀಟರಿನಿಂದ ನೇರ ನಲ್ಲಿಗೆ ಬರುವ ಮನೆಯಾದರೆ ಎಲ್ಲಾ ನಲ್ಲಿ ಮುಚ್ಚಿ, ಮೀಟರಿನ ಅಂಕಿ ಬರೆದುಕೊಂಡು ಎರಡು ಗಂಟೆ ನೀರು ಮುಟ್ಟದೆ ಇರಿ. ಅಂಕಿ ಬದಲಾದರೆ, ಅಥವಾ ಮೀಟರಿನ ಮುಖದ ಮೇಲೆ ಇರುವ ಪುಟ್ಟ ಚಕ್ರ ನಿಧಾನ ತಿರುಗುತ್ತಿದ್ದರೆ, ಎಲ್ಲೋ ಹೋಗುತ್ತಿದೆ.

ಮೇಲೆ ಟ್ಯಾಂಕ್ ಇರುವ ಮನೆಗೆ ಈ ಮೀಟರ್ ಪರೀಕ್ಷೆ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ರಾತ್ರಿ ಮಲಗುವ ಮುಂಚೆ ಟ್ಯಾಂಕಿಗೆ ನೀರು ಬರುವ ವಾಲ್ವ್ ಮುಚ್ಚಿ. ಒಂದು ಒಣ ಕೋಲನ್ನು ಟ್ಯಾಂಕಿನ ತಳ ಮುಟ್ಟುವ ಹಾಗೆ ನೆಟ್ಟಗೆ ಇಳಿಸಿ, ಒದ್ದೆಯಾದ ಎತ್ತರ ಅಳೆದುಕೊಳ್ಳಿ. ಬೆಳಗ್ಗೆ ಯಾರೂ ನಲ್ಲಿ ತಿರುಗಿಸುವ ಮುಂಚೆ ಅದೇ ಜಾಗದಲ್ಲಿ ಮತ್ತೆ ಅಳೆಯಿರಿ. ಒಂದು ಮೀಟರ್ ಅಡ್ಡಗಲದ ದುಂಡನೆಯ ಟ್ಯಾಂಕಿನಲ್ಲಿ 1 ಸೆಂಟಿಮೀಟರ್ ಇಳಿದಿದೆ ಅಂದರೆ ಸುಮಾರು 8 ಲೀಟರ್ ಹೋಗಿದೆ. ಮುಚ್ಚಳ ಇರುವ ಟ್ಯಾಂಕಿನಿಂದ ರಾತ್ರಿ ಅಷ್ಟು ಆವಿಯಾಗುವುದಿಲ್ಲ.

ಇಳಿದಿದ್ದರೆ ಮರುದಿನ ರಾತ್ರಿಯಿಂದ ಒಂದೊಂದೇ ವಾಲ್ವ್ ಮುಚ್ಚಿ ಅಳೆಯಿರಿ. ಇವತ್ತು ಅಡುಗೆಮನೆ ಲೈನ್, ನಾಳೆ ಬಾತ್‌ರೂಮ್, ಆಮೇಲೆ ಗೀಸರ್. ಯಾವುದನ್ನು ಮುಚ್ಚಿದಾಗ ಮಟ್ಟ ಇಳಿಯುವುದು ನಿಂತಿತೋ ಅದೇ ಲೈನ್. ಬಿಸಿನೀರಿನ ಪೈಪ್ ನೆಲದ ಕೆಳಗೆ ಒಡೆದಿದ್ದರೆ ಬರಿಗಾಲಲ್ಲಿ ನಡೆದಾಗ ಒಂದೆರಡು ಟೈಲ್ಸ್ ಮಾತ್ರ ಬೆಚ್ಚಗೆ ತಗಲುತ್ತವೆ. ಇದು ಬಹಳ ನಂಬಬಹುದಾದ ಗುರುತು.

## ಹಂತ 4: ಬಾತ್‌ರೂಮ್, ಅಡುಗೆಮನೆ

ತಪ್ಪು ತೀರ್ಪು ಅತಿ ಹೆಚ್ಚು ಆಗುವುದು ಇಲ್ಲಿ. ಕೆಳಗಿನ ಮನೆಯ ಸೀಲಿಂಗಿನಲ್ಲಿ ಕಂದು ಉಂಗುರ ಕಂಡ ತಕ್ಷಣ ಮೇಲಿನ ಬಾತ್‌ರೂಮಿನ ಎಲ್ಲಾ ಟೈಲ್ಸ್ ಕಿತ್ತು ಹಾಕುತ್ತಾರೆ. ಆಮೇಲೆ ನೋಡಿದರೆ ಸೋರುತ್ತಿದ್ದದ್ದು ನೆಲದ ನೀರು ಹೋಗುವ ಜಾಲಿಯ ಕೆಳಗಿನ ಪೈಪಿನ ಒಂದು ಜಾಯಿಂಟ್.

ಬಾತ್‌ರೂಮಿನಿಂದ ನೀರು ಇಳಿಯಲು ನಾಲ್ಕು ದಾರಿ: ನಲ್ಲಿಗೆ ಬರುವ ಪೈಪ್ (ಅದನ್ನು ಹಂತ 3ರಲ್ಲಿ ನೋಡಿಯಾಯಿತು), ನೀರು ಹೊರಗೆ ಹೋಗುವ ಪೈಪ್, ನೆಲ, ಗೋಡೆಯ ಟೈಲ್ಸ್. ಇವನ್ನು ಬೇರೆ ಬೇರೆ ದಿನ, ಮಧ್ಯೆ ಕನಿಷ್ಠ ಒಂದು ಪೂರ್ತಿ ದಿನ ಬಿಟ್ಟು ಪರೀಕ್ಷಿಸಬೇಕು. ಸಾಧ್ಯವಾದರೆ ಶುರು ಮಾಡುವ ಮುಂಚೆ ಎರಡು ಮೂರು ದಿನ ಆ ಬಾತ್‌ರೂಮ್ ಬಳಸಬೇಡಿ, ಕಲೆಯ ಅಂಚು ಸ್ವಲ್ಪ ಒಣಗಲಿ.

ಮೊದಲ ದಿನ, ಹೊರಹೋಗುವ ಪೈಪ್. ನೆಲ ಒದ್ದೆಯಾಗದ ಹಾಗೆ ಪೈಪನ್ನೋ ಆಲಿಕೆಯನ್ನೋ ನೇರ ಜಾಲಿಯ ಒಳಗೆ ತೂರಿಸಿ ಬಣ್ಣ ಬೆರೆಸಿದ ಎರಡು ಬಕೆಟ್ ನೀರು ರಭಸವಾಗಿ ಸುರಿಯಿರಿ. ನಮ್ಮ ಮನೆಯ ಹಾಗೆ, ಕೆಲವು ಜಾಯಿಂಟ್ ನಿಧಾನ ಸುರಿದರೆ ಸೋರುವುದೇ ಇಲ್ಲ. ಕಮೋಡನ್ನೂ ನಾಲ್ಕೈದು ಸಲ ಫ್ಲಶ್ ಮಾಡಿ, ಆದರೆ ಜಾಲಿಯ ಪರೀಕ್ಷೆ ಮುಗಿದ ಮರುದಿನ. ಹೊರಹೋಗುವ ಪೈಪ್ ಸೋರಿದರೆ ಸಾಮಾನ್ಯವಾಗಿ ಕೆಲವೇ ನಿಮಿಷದಿಂದ ಒಂದೆರಡು ಗಂಟೆಯಲ್ಲಿ ಕೆಳಗೆ ಗೊತ್ತಾಗುತ್ತದೆ.

ಆಮೇಲೆ ನೆಲ. ಜಾಲಿಯನ್ನು ಬಟ್ಟೆ, ಪ್ಲಾಸ್ಟಿಕ್ ಸುತ್ತಿ ಬಿಗಿಯಾಗಿ ಮುಚ್ಚಿ. 2ರಿಂದ 3 ಸೆಂಟಿಮೀಟರ್ ನೀರು ನಿಲ್ಲಿಸಿ, ಬಾಗಿಲ ಹೊಸ್ತಿಲಿಗಿಂತ ಕೆಳಗೇ ಇರಲಿ. ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಗುರುತು ಹಾಕಿ 24 ಗಂಟೆ ಬಿಡಿ. ಒಂದು ಸೆಂಟಿಮೀಟರ್ ನೀರು ಅಂದರೆ ಪ್ರತಿ ಚದರ ಮೀಟರಿಗೆ 10 ಕೆಜಿ ಭಾರ, ಹಾಗಾಗಿ ಇನ್ನೂ ಚೆನ್ನಾಗಿ ಗೊತ್ತಾಗಲಿ ಅಂತ ಮೊಣಕಾಲುದ್ದ ತುಂಬಿಸುವ ಕೆಲಸ ಬೇಡ. ಕೆಳಗೆ ಈಗಾಗಲೇ ದೀಪದ ಹತ್ತಿರ ತೊಟ್ಟಿಕ್ಕುತ್ತಿದ್ದರೆ ಈ ಪರೀಕ್ಷೆಯನ್ನೇ ಮಾಡಬೇಡಿ. ನೀರಿನ ಮಟ್ಟ ಇಳಿದು ಕೆಳಗೆ ಕಲೆ ಗೆರೆ ದಾಟಿದರೆ ನೆಲದ ವಾಟರ್‌ಪ್ರೂಫಿಂಗ್ ಹೋಗಿದೆ. ಮಟ್ಟ ಮಾತ್ರ ಇಳಿದು ಕೆಳಗೆ ಏನೂ ಕಾಣದಿದ್ದರೆ, ಜಾಲಿ ಮುಚ್ಚಿದ್ದು ಬಿಗಿ ಇರಲಿಲ್ಲ ಅನ್ನುವುದೇ ಹೆಚ್ಚು ಸಂಭವ. ಇನ್ನೊಮ್ಮೆ ಮುಚ್ಚಿ ಮಾಡಿ.

ಕೊನೆಗೆ ಗೋಡೆ. ಜಾಲಿ ತೆರೆದಿಟ್ಟು ಶವರ್ ನೀರನ್ನು ಒಂದೇ ಗೋಡೆಗೆ 15 ನಿಮಿಷ ಬಿಡಿ. ನಲ್ಲಿ ಗೋಡೆಯಿಂದ ಹೊರಬರುವ ತೂತು, ಟೈಲ್ಸ್ ಸಂದಿಗೆ ತುಂಬಿದ ಗ್ರೌಟ್, ಗೋಡೆ ಮತ್ತು ನೆಲ ಕೂಡುವ ಮೂಲೆ, ಈ ಮೂರು ಕಡೆ ನೀರು ನುಗ್ಗುತ್ತದೆ.

ಬಣ್ಣದ ಬಗ್ಗೆ ಒಂದು ಎಚ್ಚರಿಕೆ. ಬಣ್ಣ ಕೆಳಗೆ ಬಂದರೆ ಸಾಕ್ಷಿ ಖಚಿತ. ಬರದಿದ್ದರೆ ಸೋರುತ್ತಿಲ್ಲ ಅಂತ ಅರ್ಥ ಅಲ್ಲ. ಕಾಂಕ್ರೀಟ್ ಮತ್ತು ಮರಳು ಬಣ್ಣವನ್ನು ಹಿಡಿದಿಟ್ಟುಕೊಂಡು ನೀರನ್ನು ಮಾತ್ರ ಬಿಡಬಹುದು. ಆಗ ನಿಮ್ಮ ಪೆನ್ಸಿಲ್ ಗೆರೆಯೇ ಸಾಕ್ಷಿ. ಮಾರ್ಬಲ್ ನೆಲಕ್ಕೆ ಬಣ್ಣ ಹತ್ತಿಕೊಳ್ಳುತ್ತದೆ, ಅಲ್ಲಿ ಬರೀ ನೀರಿನಲ್ಲೇ ಮಾಡಿ.

ಮೇಲಿನ ಮನೆ ಬೇರೆಯವರದ್ದಾದರೆ ಪರೀಕ್ಷೆ ಹೊತ್ತಿಗೆ ಅವರನ್ನೂ ಕರೆಯಿರಿ. ಗೆರೆ ಎಳೆಯುವಾಗ ಅವರೇ ನೋಡಲಿ, ನೀರು ಸುರಿದ ಮೇಲೆ ಮತ್ತೆ ಅವರೇ ಬಂದು ನೋಡಲಿ. ನಿಮ್ಮ ಮನೆಯಿಂದ ಸೋರುತ್ತಿದೆ ಅಂತ ಬಾಗಿಲು ಬಡಿದು ಹೇಳಿದರೆ ಜಗಳ, ಜೊತೆಗೆ ನಿಂತು ನೋಡಿದರೆ ಮಾತುಕತೆ. ನಾನು ನೋಡಿರುವ ಹಾಗೆ ಕಣ್ಣೆದುರು ತೇವ ಗೆರೆ ದಾಟಿದ ಮೇಲೆ ವಾದ ಮಾಡುವವರು ಬಹಳ ಕಡಿಮೆ.

ಅಡುಗೆಮನೆಯಲ್ಲಿ ಸಿಂಕ್ ಕೆಳಗಿನ ಬಾಗಿದ ಪೈಪಿನ ಜಾಯಿಂಟುಗಳಿಗೆ ಒಣ ಕಾಗದ ಸುತ್ತಿ, ಸಿಂಕ್ ತುಂಬಿಸಿ ಒಮ್ಮೆಲೇ ಬಿಡಿ. ಕಾಗದ ಒದ್ದೆಯಾದ ಕಡೆ ಸೋರಿಕೆ. ಎಸಿ ಇದ್ದರೆ ಅದರ ನೀರು ಹೋಗುವ ಸಣ್ಣ ಪೈಪ್ ಕಟ್ಟಿಕೊಂಡಿದೆಯಾ ನೋಡಿ.

## ಹಂತ 5: ಮಳೆ ನೀರು

ತಾರಸಿಗೆ ಹೋಗುವುದು ಮಳೆ ನಿಂತ ಎರಡು ದಿನದ ಮೇಲೆ. 48 ಗಂಟೆ ಆದರೂ ಎಲ್ಲಾದರೂ ನೀರು ನಿಂತೇ ಇದ್ದರೆ ಅಲ್ಲಿ ವಾಟ ಸರಿ ಇಲ್ಲ. ಸಮತಟ್ಟು ತಾರಸಿಯಲ್ಲೂ ಮೀಟರಿಗೆ ಕನಿಷ್ಠ 1 ಸೆಂಟಿಮೀಟರ್ ಇಳಿಜಾರು ನೀರು ಹೋಗುವ ತೂತಿನ ಕಡೆಗೆ ಇರಬೇಕು. ಆ ತೂತಿಗೆ ಎಲೆ, ಕಸ ತುಂಬಿದ್ದರೆ ಮೊದಲು ತೆಗೆದು ಮುಂದಿನ ಮಳೆ ನೋಡಿ. ಎಷ್ಟೋ ಮನೆಗಳ ಸೋರಿಕೆ ಅಲ್ಲಿಗೇ ನಿಂತಿದೆ.

ಆಮೇಲೆ ಪ್ಯಾರಾಪೆಟ್ ಗೋಡೆ ಮತ್ತು ತಾರಸಿ ಕೂಡುವ ಮೂಲೆ, ಪೈಪುಗಳು ಸ್ಲ್ಯಾಬ್ ತೂರಿ ಇಳಿಯುವ ಜಾಗ, ಟ್ಯಾಂಕಿನ ಕಾಲಿನ ಬುಡ. ತಾರಸಿಯ ನಟ್ಟ ನಡುವಿನ ಬಿರುಕಿಗಿಂತ ಇವೇ ಜಾಸ್ತಿ ಸೋರುತ್ತವೆ. ಹೊರಗೋಡೆಯಲ್ಲಿ ಕಿಟಕಿಯ ಸುತ್ತ ನೋಡಿ. ಸಜ್ಜಾದ ಅಡಿಭಾಗದಲ್ಲಿ, ಹೊರ ಅಂಚಿನ ಹತ್ತಿರ, ಉದ್ದಕ್ಕೂ ಒಂದು ಸಣ್ಣ ಗೀರು ಇರಬೇಕು. ಆ ಗೀರು ಇದ್ದರೆ ನೀರು ಅಲ್ಲೇ ತುಂಡಾಗಿ ಕೆಳಗೆ ಬೀಳುತ್ತದೆ, ಇಲ್ಲದಿದ್ದರೆ ಅಡಿಭಾಗಕ್ಕೆ ಅಂಟಿಕೊಂಡೇ ಗೋಡೆಯವರೆಗೆ ಬಂದು ಒಳಗೆ ನುಗ್ಗುತ್ತದೆ. ಪೇಂಟ್ ಹೊಡೆಯುವಾಗ ಪುಟ್ಟಿ ತುಂಬಿ ಈ ಗೀರನ್ನೇ ಮುಚ್ಚಿಬಿಡುತ್ತಾರೆ.

ಮಳೆಗೆ ಕಾಯಲು ಆಗದಿದ್ದರೆ ಪೈಪಿನಿಂದ ನೀರು ಬಿಟ್ಟು ನೋಡಿ. ಇಲ್ಲಿ ಕ್ರಮವೇ ಎಲ್ಲ. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು. ಮೇಲಿನಿಂದ ಬಿಟ್ಟರೆ ನೀರು ಗೋಡೆ ಪೂರ್ತಿ ಇಳಿಯುತ್ತದೆ, ಯಾವ ಬಿರುಕಿನಲ್ಲಿ ಹೊಕ್ಕಿತು ಅಂತ ಗೊತ್ತಾಗುವುದಿಲ್ಲ. ಕಿಟಕಿಯ ಕೆಳಗಿನ ಗೋಡೆಗೆ 15 ನಿಮಿಷ, ಆಮೇಲೆ ಕಿಟಕಿಯ ಕೆಳ ಅಂಚಿಗೆ, ಆಮೇಲೆ ಪಕ್ಕಗಳಿಗೆ, ಕೊನೆಗೆ ಸಜ್ಜಾ ಮೇಲಕ್ಕೆ. ಒಳಗೆ ಒಬ್ಬರು ಟಾರ್ಚ್ ಹಿಡಿದು ನಿಂತಿರಲಿ. ಯಾವ ಜಾಗದಲ್ಲಿ ನೀರು ಬಿಟ್ಟಾಗ ಒಳಗೆ ಕಂಡಿತೋ ಅದೇ ಜಾಗ.

ಬಿರುಕು ಬೆಳೆಯುತ್ತಿದೆಯಾ ಅಂತ ತಿಳಿಯಲು ಅದರ ಎರಡು ತುದಿಗೆ ಅಡ್ಡಗೆರೆ ಎಳೆದು ತಾರೀಖು ಬರೆಯಿರಿ. ಎರಡು ಮೂರು ತಿಂಗಳಲ್ಲಿ ಗೆರೆ ದಾಟಿ ಹೋದರೆ ಬರೀ ತುಂಬಿಸುವುದರಿಂದ ಪ್ರಯೋಜನ ಇಲ್ಲ, ಎಂಜಿನಿಯರಿಗೆ ತೋರಿಸಿ.

ಇಳಿಜಾರು ಮಾಡಿನ ಮನೆಯಾದರೆ ಮಳೆ ಬರುವಾಗಲೇ ಒಳಗಿನಿಂದ ಟಾರ್ಚ್ ಬಿಟ್ಟು ತೊಲೆಗಳನ್ನು ನೋಡಿ. ನೀರು ತೊಲೆಯ ಕೆಳಮೈ ಹಿಡಿದು ದೂರ ಹರಿದು ತೊಟ್ಟಿಕ್ಕುತ್ತದೆ, ಹಾಗಾಗಿ ಹನಿ ಬಿದ್ದ ಜಾಗದಿಂದ ಏರಿನ ಕಡೆಗೆ ಹುಡುಕುತ್ತಾ ಹೋಗಿ. ಒದ್ದೆ ಮಾಡಿನ ಮೇಲೆ ಹತ್ತಬೇಡಿ.

## ಹಂತ 6: ನೆಲದಿಂದ ಏರುವ ತೇವ

ಇಟ್ಟಿಗೆ, ಗಾರೆಯ ಸಣ್ಣ ರಂಧ್ರಗಳ ಮೂಲಕ ನೆಲದ ನೀರು ಮೇಲಕ್ಕೆ ಏರುತ್ತದೆ, ದೀಪದ ಬತ್ತಿ ಎಣ್ಣೆ ಹೀರುವ ಹಾಗೆ. ಸಾಮಾನ್ಯವಾಗಿ ಒಂದು ಮೀಟರ್ ಒಳಗೇ ನಿಲ್ಲುತ್ತದೆ. ಮೇಲಿನ ಅಂಚಿನಲ್ಲಿ ಅಲೆಅಲೆಯಾದ ಗೆರೆ, ಅದರ ಉದ್ದಕ್ಕೂ ಹತ್ತಿಯ ಎಳೆಯಂಥ ಬಿಳಿ ಉಪ್ಪು. ಸೀಲಿಂಗ್ ಹತ್ತಿರದ ತೇವವನ್ನು ಯಾರಾದರೂ ನೆಲದಿಂದ ಬಂದದ್ದು ಅಂದರೆ ಒಪ್ಪಬೇಡಿ.

ಗೋಡೆಗೆ ತೂತು ಕೊರೆದು ಕೆಮಿಕಲ್ ತುಂಬುವ ದುಬಾರಿ ಇಂಜೆಕ್ಷನ್ ಕೆಲಸಕ್ಕೆ ಒಪ್ಪುವ ಮುಂಚೆ ಹೊರಗೆ ಹೋಗಿ ಗೋಡೆಯ ಬುಡ ನೋಡಿ. ಗೋಡೆಯೊಳಗೆ ತೇವ ತಡೆಯುವ ಪದರ ಹಾಕಿದ್ದರೆ ಅದು ಹೊರಗಿನ ನೆಲಕ್ಕಿಂತ ಕನಿಷ್ಠ 15 ಸೆಂಟಿಮೀಟರ್ ಮೇಲೆ ಇರಬೇಕು. ಆಮೇಲೆ ಗಿಡಕ್ಕೆ ಅಂತ ಮಣ್ಣು ಏರಿಸಿದ್ದರೆ, ಅಂಗಳಕ್ಕೆ ಹೊಸ ಟೈಲ್ಸ್ ಹಾಸಿ ನೆಲ ಎತ್ತರಿಸಿದ್ದರೆ, ಆ ಪದರ ಮಣ್ಣಿನಡಿ ಹೂತುಹೋಗಿರುತ್ತದೆ. ಮಣ್ಣು ತೆಗೆದು, ಮಳೆ ನೀರು ಗೋಡೆಯಿಂದ ಆಚೆ ಹರಿಯುವ ಹಾಗೆ ಮಾಡಿ ಒಂದು ಮಳೆಗಾಲ ನೋಡಿ.

ಇಲ್ಲೊಂದು ಮೋಸ ಇದೆ. ಗೋಡೆಯಲ್ಲಿ ಉಳಿದ ಉಪ್ಪು ಗಾಳಿಯಿಂದಲೇ ನೀರು ಎಳೆಯುತ್ತದೆ. ಮೂಲ ನಿಂತ ಮೇಲೂ ಮೋಡ ಕವಿದ ದಿನಗಳಲ್ಲಿ ಅದೇ ಜಾಗ ಒದ್ದೆಯಾಗಿ ಕಾಣುತ್ತದೆ. ರಿಪೇರಿ ಫಲ ಕೊಡಲಿಲ್ಲ ಅಂದುಕೊಂಡು ಜನ ಮತ್ತೆ ಖರ್ಚು ಮಾಡುತ್ತಾರೆ. ಆ ಉಪ್ಪು ತುಂಬಿದ ಪ್ಲಾಸ್ಟರನ್ನು ಕಿತ್ತು ತೆಗೆಯದೆ ಅದು ಹೋಗುವುದಿಲ್ಲ.

## ಹಂತ 7: ಗಾಳಿಯಿಂದಲೇ ಬರುವ ತೇವ

ಯಾವ ಸೋರಿಕೆಯೂ ಇಲ್ಲದೆ ಗೋಡೆ ಒದ್ದೆಯಾಗಬಹುದು. ಕೋಣೆಯಲ್ಲಿ 25 ಡಿಗ್ರಿ ಸೆಲ್ಸಿಯಸ್, 60% ತೇವಾಂಶ ಇದ್ದರೆ, ಸುಮಾರು 17 ಡಿಗ್ರಿಗಿಂತ ತಣ್ಣಗಿರುವ ಯಾವುದೇ ಗೋಡೆಯ ಮೇಲೆ ಗಾಳಿಯ ನೀರು ಹನಿಯಾಗಿ ಕೂರುತ್ತದೆ. ಬೂಷ್ಟಿಗೆ ಅಷ್ಟೂ ಬೇಡ, ಗೋಡೆಯ ಮೈಗೆ ತಾಗಿದ ಗಾಳಿಯ ತೇವಾಂಶ ದಿನಗಟ್ಟಲೆ 80% ದಾಟಿದರೆ ಸಾಕು.

ಖಚಿತ ಮಾಡಿಕೊಳ್ಳಲು ಪ್ಲಾಸ್ಟಿಕ್ ಹಾಳೆ ತೆಗೆದುಕೊಳ್ಳಿ. ಒಂದೂವರೆ ಅಡಿ ಚೌಕ ಕತ್ತರಿಸಿ, ಗೋಡೆಯ ಮೈಯನ್ನು ಒರೆಸಿ ಒಣಗಿಸಿ, ನಾಲ್ಕೂ ಅಂಚಿಗೆ ಟೇಪ್ ಬಿಗಿಯಾಗಿ ಅಂಟಿಸಿ ಒಂದು ದಿನ ಬಿಡಿ. ಕೋಣೆ ಕಡೆಯ ಮೈ ಮೇಲೆ ಹನಿ ಇದ್ದರೆ ತೇವ ಗಾಳಿಯದ್ದು. ಗೋಡೆ ಕಡೆಯ ಒಳಮೈ ಮೇಲೆ ಹನಿ ಇದ್ದರೆ ಗೋಡೆಯೊಳಗೆ ನೀರಿದೆ. ಎರಡೂ ಕಡೆ ಇದ್ದರೆ ಎರಡೂ ಸಮಸ್ಯೆ ಇದೆ, ಮೊದಲು ಗೋಡೆಯೊಳಗಿನದ್ದನ್ನು ಹಿಡಿಯಿರಿ.

ಬಾಡಿಗೆ ಮನೆಗಳಲ್ಲಿ ಇದು ದೊಡ್ಡ ಜಗಳದ ವಿಷಯ. ನೀವು ಕಿಟಕಿ ತೆಗೆಯೋದಿಲ್ಲ, ಅದಕ್ಕೇ ಬೂಷ್ಟು ಅಂತ ಮಾಲೀಕರು, ನಿಮ್ಮ ಗೋಡೆಯೇ ಸರಿ ಇಲ್ಲ ಅಂತ ಬಾಡಿಗೆಗೆ ಇರುವವರು. ಇಬ್ಬರೂ ಸೇರಿ ಹಾಳೆ ಅಂಟಿಸಿ, ಮರುದಿನ ಇಬ್ಬರೂ ನೋಡಿ. ಮಾಲೀಕರಿಗೆ ನನ್ನ ಮಾತು: ಈ ಪರೀಕ್ಷೆ ಮಾಡದೆ ಬಾಡಿಗೆದಾರರ ಮೇಲೆ ತಪ್ಪು ಹೊರಿಸಬೇಡಿ.

ಪರಿಹಾರ ಸರಳ, ಆದರೆ ದಿನಾ ಮಾಡಬೇಕು. ಸ್ನಾನ, ಅಡುಗೆ ಮಾಡುವಾಗ ಆ ಕೋಣೆಯ ಬಾಗಿಲು ಮುಚ್ಚಿ ಹೊರಗಿನ ಕಿಟಕಿ ಅಥವಾ ಎಕ್ಸಾಸ್ಟ್ ಫ್ಯಾನ್ ತೆರೆಯಿರಿ, ಮುಗಿದ ಮೇಲೂ ಅರ್ಧ ಗಂಟೆ ಹಾಗೇ ಇರಲಿ. ಒದ್ದೆ ಬಟ್ಟೆ ಕೋಣೆಯೊಳಗೆ ಒಣಗಿಸಬೇಡಿ, ಅದರ ನೀರೆಲ್ಲ ಗೋಡೆಗೇ ಹೋಗುತ್ತದೆ. ಬೀರುವನ್ನು ಹೊರಗೋಡೆಯಿಂದ ನಾಲ್ಕು ಬೆರಳು ಮುಂದೆ ಎಳೆಯಿರಿ. ಗಾಳಿಯ ತೇವಾಂಶದ ಮೀಟರ್ 60%ಗಿಂತ ಕೆಳಗೆ ಇರುವ ಹಾಗೆ ನೋಡಿಕೊಳ್ಳಿ. ಹೊರಗಿನ ಗಾಳಿಯೇ ಒಳಗಿಗಿಂತ ತೇವ ಆಗಿರುವ ದಿನ ಕಿಟಕಿ ತೆಗೆದರೆ ಇನ್ನೂ ಜಾಸ್ತಿಯಾಗುತ್ತದೆ, ಅದನ್ನೂ ಮೀಟರೇ ಹೇಳುತ್ತದೆ.

ಬೂಷ್ಟು ಒಂದು ಚದರ ಮೀಟರ್ ಒಳಗಿದ್ದರೆ ಎನ್95 ಮಾಸ್ಕ್, ಕೈಗವಸು ಹಾಕಿಕೊಂಡು ಸೋಪಿನ ನೀರಲ್ಲಿ ಉಜ್ಜಿ ಒಣಗಿಸಬಹುದು. ಒಣ ಬಟ್ಟೆಯಲ್ಲಿ ಉಜ್ಜಬೇಡಿ, ಬೀಜಕಣಗಳು ಮನೆ ತುಂಬಾ ಹಾರುತ್ತವೆ. ಬ್ಲೀಚ್ ಬಳಸುವುದಾದರೆ ಅದಕ್ಕೆ ಟಾಯ್ಲೆಟ್ ತೊಳೆಯುವ ಆಸಿಡ್, ವಿನೆಗರ್, ಅಮೋನಿಯಾ ಯಾವುದನ್ನೂ ಬೆರೆಸಬೇಡಿ. ವಿಷದ ಅನಿಲ ಬರುತ್ತದೆ. ಇದಕ್ಕಿಂತ ದೊಡ್ಡದಾಗಿ ಹರಡಿದ್ದರೆ, ಮನೆಯಲ್ಲಿ ಆಸ್ತಮಾ ಇರುವವರಿದ್ದರೆ, ನೀವೇ ಮಾಡಬೇಡಿ.

## ಹಂತ 8: ಈಗ ರಿಪೇರಿ

ಮೂಲ ಸಿಕ್ಕಿದ ಮೇಲೆ ಮೊದಲು ಅದನ್ನು ಮಾತ್ರ ಸರಿ ಮಾಡಿಸಿ. ಗೋಡೆಗೆ ಇನ್ನೂ ಕೈ ಹಾಕಬೇಡಿ. ಸರಿ ಮಾಡಿದ ಮೇಲೆ ಯಾವ ಪರೀಕ್ಷೆಯಲ್ಲಿ ಸಿಕ್ಕಿಬಿತ್ತೋ ಅದೇ ಪರೀಕ್ಷೆಯನ್ನು ಮತ್ತೆ ಮಾಡಿ. ನೆಲದಲ್ಲಿ ನೀರು ನಿಲ್ಲಿಸಿ ಕಂಡಿದ್ದರೆ ಮತ್ತೆ 24 ಗಂಟೆ ನಿಲ್ಲಿಸಿ. ಕೆಲಸ ಒಪ್ಪಿಸುವಾಗಲೇ ಮಾತಾಡಿಕೊಳ್ಳಿ: ಒಂದು ಭಾಗ ದುಡ್ಡು ಈ ಮರುಪರೀಕ್ಷೆ ಆದ ಮೇಲೆ, ಮಳೆ ಸೋರಿಕೆಯಾದರೆ ಮೊದಲ ಜೋರು ಮಳೆ ಆದ ಮೇಲೆ. ಇದಕ್ಕೆ ಒಪ್ಪದವರ ಕೆಲಸದ ಬಗ್ಗೆ ಯೋಚನೆ ಮಾಡಿ. ಬಂದ ತಕ್ಷಣ ಏನನ್ನೂ ಪರೀಕ್ಷಿಸದೆ ಕೆಮಿಕಲ್ ಹೆಸರು ಹೇಳಿ ಚದರಡಿ ಲೆಕ್ಕ ಹಾಕುವವರ ಬಗ್ಗೆಯೂ.

ಆಮೇಲೆ ಪ್ಲಾಸ್ಟರ್. ಕಾಣುವ ಕಲೆಯ ಅಂಚಿನಿಂದ 30 ಸೆಂಟಿಮೀಟರ್ ಆಚೆಯವರೆಗೂ ಕೀಳಿಸಿ, ಗಟ್ಟಿ ಬ್ರಷ್‌ನಲ್ಲಿ ಉಪ್ಪು ಗುಡಿಸಿ ತೆಗೆಯಿರಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ.

ಆಮೇಲೆ ಕಾಯುವುದು. ಗೋಡೆಯ ದಪ್ಪದಲ್ಲಿ 2.5 ಸೆಂಟಿಮೀಟರ್ ಒಣಗಲು ಒಂದು ತಿಂಗಳು ಅಂತ ಕೆಲಸ ಬಲ್ಲವರು ಅಂದಾಜು ಹಾಕುತ್ತಾರೆ. ಗಾಳಿ, ಬಿಸಿಲು ಇದ್ದರೆ ಬೇಗ, ಇಲ್ಲದಿದ್ದರೆ ತಡ. ಫ್ಯಾನ್ ಹಾಕಿ, ಕಿಟಕಿ ತೆಗೆಯಿರಿ, ಆದರೆ ಹೀಟರ್ ಹತ್ತಿರ ಹಿಡಿದು ಆತುರ ಮಾಡಬೇಡಿ, ಮೇಲ್ಮೈ ಒಣಗಿ ಒಳಗೆ ಹಸಿ ಉಳಿಯುತ್ತದೆ. ಪ್ಲಾಸ್ಟಿಕ್ ಹಾಳೆ ಪರೀಕ್ಷೆ ಮತ್ತೆ ಮಾಡಿ, ಒಳಮೈ ಒಣಗಿದ್ದರೆ ಮಾತ್ರ ಹೊಸ ಪ್ಲಾಸ್ಟರ್. ಅದೂ ಪೂರ್ತಿ ಒಣಗಿದ ಮೇಲೆ ಪ್ರೈಮರ್, ಪೇಂಟ್. ಹಳೆಯ ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಪ್ಲಾಸ್ಟರ್, ಅದರ ಮೇಲೆ ನೀರು ದಾಟದ ಪೇಂಟ್ ಹಾಕಿಸಬೇಡಿ. ಒಳಗಿನ ತೇವಕ್ಕೆ ಹೊರಬರಲು ದಾರಿ ಇಲ್ಲದೆ ಪಕ್ಕದ ಗೋಡೆಗೆ ಹೋಗುತ್ತದೆ. ಸುಣ್ಣದ ಗಾರೆ, ಸುಣ್ಣದ ಬಣ್ಣವೇ ಅಲ್ಲಿಗೆ ಸರಿ.

ಬಾಡಿಗೆದಾರರಿರುವ ಮನೆಯಾದರೆ ಈ ಕಾಯುವ ದಿನಗಳನ್ನು ಮೊದಲೇ ಅವರಿಗೆ ಹೇಳಿ, ಕೆಲಸದವರು ಯಾವ ದಿನ, ಎಷ್ಟು ಹೊತ್ತಿಗೆ ಬರುತ್ತಾರೆ ಅಂತ ಬರಹದಲ್ಲಿ ತಿಳಿಸಿ. ಅರ್ಧ ಕಿತ್ತ ಗೋಡೆಯ ಪಕ್ಕ ಎರಡು ತಿಂಗಳು ಮಲಗುವವರು ಅವರು, ಅಲ್ವಾ.

ಪೇಂಟ್ ಆದ ದಿನ ಅದೇ ಜಾಗದ ಫೋಟೋ ತೆಗೆದು ಹಳೆಯ ಫೋಟೋಗಳ ಜೊತೆ ಇಡಿ. ಯಾವ ಪೈಪ್ ಎಲ್ಲಿ ಹೋಗಿದೆ ಅಂತ ಗೋಡೆ ತೆರೆದಿದ್ದಾಗಲೇ ಟೇಪ್ ಹಿಡಿದು ತೆಗೆದ ಫೋಟೋ ಇದ್ದರೆ ಅದನ್ನೂ ಸೇರಿಸಿ. ಮುಂದಿನ ಮಳೆಗಾಲ ಮುಗಿಯುವವರೆಗೆ ಬೀರುವನ್ನು ಆ ಗೋಡೆಗೆ ತಳ್ಳಬೇಡಿ, ತಿಂಗಳಿಗೊಮ್ಮೆ ಅಂಗೈ ಇಟ್ಟು ನೋಡಿ.